ಈ ಸಾಲು ಯಾಕ ಐತಿ?

ವಿಮಾನದೊಳಗಿನ ಎಷ್ಟೋ ಎಲೆಕ್ಟ್ರಾನಿಕ್ ಪೆಟ್ಟಿಗೆಗಳು ಒಂದರ ಜೊತೆ ಒಂದು ಮಾತಾಡುವುದು 32 ಬಿಟ್‌ಗಳ, ಅಂದರೆ 32 ಸೊನ್ನೆ-ಒಂದುಗಳ, ತುಣುಕುಗಳಲ್ಲಿ. ಈ ಏರ್ಪಾಟಿಗೆ ಅರಿಂಕ್ 429 ಅಂತ ಹೆಸರು. ತುಣುಕಿನ ಮೊದಲ ಎಂಟು ಬಿಟ್ ಲೇಬಲ್. 206 ಅಂದರೆ ವೇಗ, 203 ಅಂದರೆ ಎತ್ತರ. ಈ ಸಂಖ್ಯೆಗಳು ಆಕ್ಟಲ್‌ನಲ್ಲಿ, ಅಂದರೆ ಹತ್ತರ ಬದಲು ಎಂಟರ ಲೆಕ್ಕದಲ್ಲಿರುತ್ತವೆ, ಅದೂ ಬಿಟ್‌ಗಳು ಹಿಂದುಮುಂದಾಗಿ ಬರುತ್ತವೆ. ನಡುವೆ ನಿಜವಾದ ಮಾಹಿತಿ. 30 ಮತ್ತು 31ನೇ ಬಿಟ್‌ಗಳು ಆ ಮಾಹಿತಿಯನ್ನು ನಂಬಬಹುದೋ ಇಲ್ಲವೋ ಹೇಳುತ್ತವೆ. ಕೊನೆಯದು ಪ್ಯಾರಿಟಿ, ದಾರಿಯಲ್ಲಿ ಬಿಟ್ ಕೆಟ್ಟಿದೆಯಾ ಅಂತ ನೋಡಲು. ಪುಣೆಯ ಕೆಲಸದಲ್ಲಿ ನನ್ನ ಪಾಲಿಗೆ ಮೊದಲು ಬಂದದ್ದು ಈ ತುಣುಕನ್ನು ಬಿಡಿಸಿ ವೇಗವನ್ನು ಹೊರಗೆ ತೆಗೆಯುವ ಒಂದು ಚಿಕ್ಕ ಫಂಕ್ಷನ್. ಸಿ ಭಾಷೆಯಲ್ಲಿ ಒಂದು ಪುಟವೂ ಆಗುತ್ತಿರಲಿಲ್ಲ. ಅದು ಎಲ್ಲ ಹಂತ ದಾಟಿ ಪಾಸಾಗಲು ಒಂದು ವರ್ಷಕ್ಕಿಂತ ಜಾಸ್ತಿ ಹಿಡಿಯಿತು.

ಧಾರವಾಡದಿಂದ ಅವ್ವ ಫೋನ್ ಮಾಡಿದಾಗ ಕೇಳುತ್ತಿದ್ದಳು, "ಅಲ್ಲವಾ, ಇಷ್ಟು ದಿನದಾಗ ಎಷ್ಟು ಬರದಿ?" ನಾನು ಸತ್ಯ ಹೇಳಿದರೆ ಕೆಲಸ ಹೋಗುತ್ತದೆ ಅಂತ ಅವಳು ಹೆದರುತ್ತಾಳೆ ಅಂದುಕೊಂಡು "ಭಾಳ ಬರದೇನಿ" ಅನ್ನುತ್ತಿದ್ದೆ. ಬರೆದಿದ್ದೂ ನಿಜವೇ. ಕೋಡ್ ಅಲ್ಲ, ಕೋಡಿನ ಬಗ್ಗೆ.

ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಸೈನ್ಸ್ ಓದಿದವಳು ನಾನು. ತೇಜಸ್ ಮೊದಲ ಸಲ ಹಾರಿದ್ದು 2001ರ ಜನವರಿ 4ರಂದು. ಆಗ ನಾನಿನ್ನೂ ಶಾಲೆಯಲ್ಲಿದ್ದೆ. ಆ ವಿಮಾನ ತಾನಾಗಿ ಗಾಳಿಯಲ್ಲಿ ಸ್ಥಿರವಾಗಿ ನಿಲ್ಲುವಂಥದ್ದಲ್ಲ, ಬೇಕಂತಲೇ ಹಾಗೆ ಮಾಡಿದ್ದಾರೆ, ಒಳಗಿನ ಕಂಪ್ಯೂಟರ್ ಕ್ಷಣಕ್ಷಣಕ್ಕೂ ಸರಿಪಡಿಸುತ್ತಾ ಇರುವುದರಿಂದಲೇ ಅದು ಹಾರುತ್ತದೆ ಅಂತ ಕಾಲೇಜಿಗೆ ಬಂದ ಮೇಲೆ ಗೊತ್ತಾಯಿತು. ನನ್ನ ಹುಚ್ಚು ಅಲ್ಲಿಂದ ಶುರು. ಎಚ್‌ಎಎಲ್, ಎನ್‌ಎಎಲ್ ಎಲ್ಲ ಬೆಂಗಳೂರಿನಲ್ಲಿರುವಾಗ ಪುಣೆಗೆ ಯಾಕೆ ಹೋದೆ ಅಂತ ಈಗಲೂ ಕೇಳುತ್ತಾರೆ. ಕೆಲಸ ಸಿಕ್ಕಿದ್ದು ಇಲ್ಲಿ, ಅಷ್ಟೇ. ಹೊರದೇಶದ ವಿಮಾನಗಳಿಗೆ ಹೋಗುವ ಪೆಟ್ಟಿಗೆಗಳ ಸಾಫ್ಟ್‌ವೇರನ್ನು ಪರೀಕ್ಷಿಸುವ ತಂಡಗಳು ಇಲ್ಲೂ ಇದ್ದವು. ಆಫೀಸು ಹಿಂಜವಡಿ, ಮನೆ ಕೋಥ್ರೂಡ್. ನಡುವೆ ಚಾಂದಣಿ ಚೌಕದ ಟ್ರಾಫಿಕ್. ಅದರ ಬಗ್ಗೆ ಇಷ್ಟು ಸಾಕು.

ತಂಡದಲ್ಲಿ ವಿಜಯಪುರದ ಹಿರಿಯರೊಬ್ಬರಿದ್ದರು. ಮೀಟಿಂಗಿನಲ್ಲಿ ಇಂಗ್ಲಿಷ್, ಕ್ಯಾಂಟೀನಿನಲ್ಲಿ ಮರಾಠಿ, ನನ್ನ ಜೊತೆ ಮಾತ್ರ ಅಪ್ಪಟ ವಿಜಯಪುರದ ಮಾತು. ಅವರ ಕೆಲಸವೇ ಬೇರೆಯವರ ಕೋಡ್ ಓದುವುದು. ನನ್ನ ಫಂಕ್ಷನ್ನಿನ ಪ್ರಿಂಟ್ ತೆಗೆದುಕೊಂಡು ಪೆನ್ಸಿಲಿನ ತುದಿಯನ್ನು ಒಂದೊಂದೇ ಸಾಲಿನ ಮೇಲೆ ಇಟ್ಟು ಕೇಳುತ್ತಿದ್ದರು: "ಈ ಸಾಲು ಯಾಕ ಐತಿ, ಹೇಳ್ರಿ ನೋಡೂಣು."

ತಮಾಷೆಗೆ ಕೇಳುತ್ತಿದ್ದದ್ದಲ್ಲ. ನಾಗರಿಕ ವಿಮಾನದ ಸಾಫ್ಟ್‌ವೇರಿಗೆ ಡಿಒ-178ಸಿ ಎಂಬ ನಿಯಮಾವಳಿ ಇದೆ. 2011ರ ಡಿಸೆಂಬರ್‌ನಲ್ಲಿ ಬಂದದ್ದು. ಅದಕ್ಕೂ ಮುಂಚಿನದು 1992ರ 178ಬಿ. ಸಾಫ್ಟ್‌ವೇರ್ ಕೈಕೊಟ್ಟರೆ ಏನಾಗುತ್ತದೆ ಅನ್ನುವುದರ ಮೇಲೆ ಎ ಇಂದ ಇ ತನಕ ಐದು ಮಟ್ಟ. ವಿಮಾನವೇ ಬೀಳಬಹುದು ಅಂದರೆ ಎ. ಏನೂ ಆಗುವುದಿಲ್ಲ ಅಂದರೆ ಇ. ಎ ಮಟ್ಟಕ್ಕೆ 71 ಗುರಿಗಳನ್ನು ಮುಟ್ಟಬೇಕು. ಅವುಗಳಲ್ಲಿ 30 ಗುರಿಗಳನ್ನು, ಕೆಲಸ ಮಾಡಿದವರಲ್ಲದೆ ಬೇರೆಯವರು ನೋಡಿ ಒಪ್ಪಬೇಕು. ಡಿ ಮಟ್ಟಕ್ಕೆ ಬರೀ 26. ನನ್ನ ಫಂಕ್ಷನ್ ಎ ಮಟ್ಟದ್ದು. ಪ್ರತಿ ಸಾಲಿನ ಹಿಂದೆ ಒಂದು ಲಿಖಿತ ಬೇಡಿಕೆ ಇರಬೇಕು. ಆ ಬೇಡಿಕೆಯ ಹಿಂದೆ ಅದಕ್ಕಿಂತ ದೊಡ್ಡ ಬೇಡಿಕೆ. ಮುಂದೆ ಒಂದು ಪರೀಕ್ಷೆ. ಈ ಸರಪಣಿಯಲ್ಲಿ ಎಲ್ಲಾದರೂ ಕೊಂಡಿ ತಪ್ಪಿದರೆ ಆ ಸಾಲಿಗೆ ವಿಮಾನದಲ್ಲಿ ಜಾಗವಿಲ್ಲ.

ಇದು ಕೇಳುವುದಕ್ಕೆ ಸಲೀಸು. ನಿಜವಾದ ಜಗಳ ಎಲ್ಲಿ ಹುಟ್ಟುತ್ತದೆ ಅಂತ ಒಂದು ಉದಾಹರಣೆ ಕೊಡುತ್ತೇನೆ.

ನಂಬಿಕೆಯ ಬಿಟ್‌ಗಳು ಎರಡು ಅಂದೆನಲ್ಲ. ಎರಡು ಬಿಟ್ ಅಂದರೆ ನಾಲ್ಕೇ ಸಾಧ್ಯತೆ: ಉಪಕರಣ ಕೆಟ್ಟಿದೆ, ಸದ್ಯಕ್ಕೆ ಮಾಹಿತಿ ಇಲ್ಲ, ಪರೀಕ್ಷೆ ನಡೆಯುತ್ತಿದೆ, ಎಲ್ಲ ಸರಿ ಇದೆ. ಬೆಲೆ ನೋಡಿ ದಾರಿ ಆರಿಸುವ ಕೋಡಿಗೆ ಸಿ ಭಾಷೆಯಲ್ಲಿ ಸ್ವಿಚ್ ಅಂತಾರೆ, ಅದರ ಒಂದೊಂದು ದಾರಿ ಒಂದು ಕೇಸ್. ನಾಲ್ಕಕ್ಕೂ ಸ್ವಿಚ್ಚಿನಲ್ಲಿ ಒಂದೊಂದು ಕೇಸ್ ಬರೆದೆ. ಸಿ ಭಾಷೆಯಲ್ಲಿ ಸುರಕ್ಷಿತವಾಗಿ ಬರೆಯಲು ನಾವು ಪಾಲಿಸುತ್ತಿದ್ದ ಮಿಸ್ರಾ ಸಿ ನಿಯಮದ ಪ್ರಕಾರ ಪ್ರತಿ ಸ್ವಿಚ್ಚಿಗೂ ಒಂದು ಡಿಫಾಲ್ಟ್, ಅಂದರೆ ಯಾವ ಕೇಸೂ ಹೊಂದದಿದ್ದರೆ ಹಿಡಿಯುವ ದಾರಿ, ಇರಲೇಬೇಕು. ಸರಿ, ಅದನ್ನೂ ಸೇರಿಸಿದೆ. ಈಗ ತೊಡಕು ನೋಡಿ. ಎರಡು ಬಿಟ್‌ಗೆ ಐದನೆಯ ಬೆಲೆ ಬರಲು ಸಾಧ್ಯವೇ ಇಲ್ಲ. ಅಂದಮೇಲೆ ಆ ಡಿಫಾಲ್ಟ್ ಸಾಲು ಯಾವತ್ತೂ ಓಡುವುದಿಲ್ಲ. ಓಡದ ಸಾಲನ್ನು ಪರೀಕ್ಷೆ ಮುಟ್ಟುವುದಿಲ್ಲ. ಪರೀಕ್ಷೆ ಮುಟ್ಟದ ಸಾಲು ಎ ಮಟ್ಟದಲ್ಲಿ ಸುಮ್ನೆ ಕೂರುವಂತಿಲ್ಲ. ಒಂದು ನಿಯಮ ಹಾಕು ಅನ್ನುತ್ತದೆ, ಇನ್ನೊಂದು ಯಾಕೆ ಹಾಕಿದೆ ಅನ್ನುತ್ತದೆ.

"ಮೆಮರಿ ಕೆಟ್ಟರೆ ಬರಬಹುದಲ್ಲ ಸರ್?" ಅಂದೆ. ಮೇಲಕ್ಕೆ ಹೋದಷ್ಟೂ ಕಾಸ್ಮಿಕ್ ಕಿರಣಗಳು ಜಾಸ್ತಿ, ಅವು ಬಿಟ್ ತಿರುಗಿಸುವುದು ನಿಜ.

"ಹಂಗಾರ ಅದನ್ನ ಬೇಡಿಕೆಯೊಳಗ ಬರೀರಿ. ಬರದ ಮ್ಯಾಲೆ ಟೆಸ್ಟ್ ಮಾಡಿ ತೋರಸ್ರಿ. ಬಿಟ್ ಹೆಂಗ ತಿರಗಸ್ತೀರಿ?"

ಡಿಬಗರ್ ಹಾಕಿ, ಓಡುತ್ತಿರುವ ಪ್ರೋಗ್ರಾಮನ್ನು ನಡುವೆ ನಿಲ್ಲಿಸಿ, ವೇರಿಯಬಲ್‌ಗೆ ಕೈಯಾರೆ ತಪ್ಪು ಬೆಲೆ ತುಂಬಬಹುದು. ಮಾಡುವವರು ಮಾಡುತ್ತಾರೆ. ಇನ್ನೊಂದು ದಾರಿ, ಆ ಸಾಲು ಯಾಕೆ ಓಡುವುದಿಲ್ಲ ಅಂತ ಒಂದು ಸಮರ್ಥನೆ ಬರೆದು ಸಹಿ ಹಾಕಿಸುವುದು. ಎರಡೂ ಅವರಿಗೆ ಹಿಡಿಸಲಿಲ್ಲ. ಕೊನೆಗೆ 'ಉಪಕರಣ ಕೆಟ್ಟಿದೆ' ಅನ್ನುವ ಕೇಸನ್ನೇ ಡಿಫಾಲ್ಟ್ ಜೊತೆ ಒಂದು ಮಾಡಿದೆವು. ಉಳಿದ ಮೂರು ಬೆಲೆ ಅಲ್ಲದಿದ್ದರೆ, ಏನೇ ಬಂದಿರಲಿ, ಉಪಕರಣ ಕೆಟ್ಟಿದೆ ಅಂತಲೇ ಲೆಕ್ಕ. ಈಗ ಆ ಸಾಲು ಸಾಮಾನ್ಯ ಪರೀಕ್ಷೆಯಲ್ಲೇ ಓಡುತ್ತದೆ. ಮಿಸ್ರಾಕ್ಕೂ ತೃಪ್ತಿ. ಮೆಮರಿ ಕೆಟ್ಟರೂ ಫಲಿತಾಂಶ ಸುರಕ್ಷಿತ. ಬದಲಾದದ್ದು ಎರಡು ಸಾಲು. ಅದಕ್ಕೆ ಹಿಡಿದ ಚರ್ಚೆ, ಬದಲಾವಣೆಯ ಅರ್ಜಿ, ಮರುಪರೀಕ್ಷೆ, ಮರುಓದು ಎಲ್ಲ ಸೇರಿ ಒಂದು ಫೈಲ್. ಸಾಫ್ಟ್‌ವೇರ್ ಬರೆಯುವ ಬೇರೆ ಗೆಳೆಯರಿಗೆ ಇದನ್ನು ಹೇಳಿದರೆ ಮರುಕದಿಂದ ನೋಡುತ್ತಾರೆ. ನನಗಂತೂ ಇಷ್ಟವಾಗಿತ್ತು.

ಇದೇ ಫಂಕ್ಷನ್ನಿನಲ್ಲಿ ಮಾಹಿತಿ ಹಳಸಿದೆಯಾ ಅಂತ ನೋಡುವ ಟೈಮರ್ ಇತ್ತು. 32 ಬಿಟ್, ಮಿಲಿಸೆಕೆಂಡ್ ಲೆಕ್ಕ. ಅದರ ಮೇಲೆ ಪೆನ್ಸಿಲ್ ನಿಂತಿತು. "ವಿಮಾನ ಬಂದ್ ಮಾಡಲೇ ಇಲ್ಲ ಅಂದ್ರ?" 49.7 ದಿನಕ್ಕೆ ಎಣಿಕೆ ತುಂಬಿ ಮತ್ತೆ ಸೊನ್ನೆಗೆ ಬರುತ್ತದೆ. ಯಾವ ವಿಮಾನಕ್ಕೆ ಅಷ್ಟು ದಿನ ಕರೆಂಟ್ ಕೊಟ್ಟೇ ಇಟ್ಟಿರುತ್ತಾರೆ ಅನ್ನಬಹುದು. ಬೋಯಿಂಗ್ 787ರಲ್ಲಿ ಜನರೇಟರ್ ನಿಯಂತ್ರಣದ ಸಾಫ್ಟ್‌ವೇರ್ 248 ದಿನ ಸತತ ಓಡಿದರೆ ಒಳಗಿನ ಎಣಿಕೆ ತುಂಬಿ, ವಿದ್ಯುತ್ತೇ ಹೋಗಬಹುದು ಅಂತ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ 2015ರಲ್ಲಿ ಆದೇಶ ಹೊರಡಿಸಬೇಕಾಯಿತು. ಋಣ ಚಿಹ್ನೆ ಇಲ್ಲದ ಪೂರ್ಣಾಂಕದಲ್ಲಿ ವ್ಯತ್ಯಾಸ ಕಳೆದರೆ ಎಣಿಕೆ ಸೊನ್ನೆ ದಾಟಿದರೂ ಉತ್ತರ ಸರಿಯಾಗಿಯೇ ಬರುತ್ತದೆ. ನಮ್ಮದು ಹಾಗೇ ಇತ್ತು. ಆದರೆ ಬರುತ್ತದೆ ಅಂತ ಹೇಳಿದರೆ ಆಗುವುದಿಲ್ಲ, ಪರೀಕ್ಷೆ ಬೇಕು. ಎಣಿಕೆಯನ್ನು ತುಂಬುವ ಅಂಚಿಗೆ ತಂದಿಟ್ಟು ಓಡಿಸಿ ತೋರಿಸಿದೆವು.

ಪರೀಕ್ಷೆಯ ವಿಷಯಕ್ಕೆ ಬಂದರೆ, ಎ ಮಟ್ಟಕ್ಕೆ ಎಂಸಿಡಿಸಿ ಎಂಬ ಅಳತೆ ಇದೆ. ಒಂದು ತೀರ್ಮಾನದಲ್ಲಿ ಮೂರು ಷರತ್ತುಗಳಿದ್ದರೆ ಅವುಗಳ ಜೋಡಣೆ ಎಂಟು ಬಗೆ. ಎಂಟನ್ನೂ ಓಡಿಸಬೇಕಿಲ್ಲ. ಪ್ರತಿ ಷರತ್ತೂ ತಾನೊಂದೇ ಬದಲಾಗಿ ತೀರ್ಮಾನವನ್ನು ತಿರುಗಿಸಬಲ್ಲದು ಅಂತ ತೋರಿಸಿದರೆ ಸಾಕು. ನಾಲ್ಕು ಪರೀಕ್ಷೆಯಲ್ಲಿ ಮುಗಿಸಬಹುದು. ಜಾಣ ಲೆಕ್ಕ ಇದು. ಹೊಸಬರು ಇದನ್ನು ಕಲಿತ ಕೂಡಲೇ ನೂರಕ್ಕೆ ನೂರು ಬಂದರೆ ಮುಗಿಯಿತು ಅಂದುಕೊಳ್ಳುತ್ತಾರೆ.

ಅಂಥವರಿಗೆ ನಾನು ಹೇಳುವುದು ವಾರ್ಸಾದ ಕಥೆ. 1993ರ ಸೆಪ್ಟೆಂಬರ್ 14. ಲುಫ್ತಾನ್ಸಾದ ಎ320 ಮಳೆಯಲ್ಲಿ ಇಳಿಯಿತು. ಇಳಿದ ವಿಮಾನದ ವೇಗ ತಗ್ಗಿಸಲು ರೆಕ್ಕೆಯ ಮೇಲಿರುವ ಹಲಗೆಗಳು, ಅಂದರೆ ಸ್ಪಾಯ್ಲರ್‌ಗಳು, ಏಳಬೇಕಾದರೆ ವಿಮಾನ ನೆಲ ಮುಟ್ಟಿದೆ ಅಂತ ಕಂಪ್ಯೂಟರಿಗೆ ಖಾತ್ರಿಯಾಗಬೇಕು. ಅದಕ್ಕೆ ಎರಡು ದಾರಿ: ಎರಡೂ ಬದಿಯ ಮುಖ್ಯ ಚಕ್ರಗಳ ಕಾಲಿನ ಮೇಲೆ ತಲಾ 6.3 ಟನ್ ಭಾರ ಬೀಳಬೇಕು, ಇಲ್ಲವೇ ಚಕ್ರಗಳು 72 ನಾಟ್‌ಗಿಂತ ಜೋರಾಗಿ ತಿರುಗುತ್ತಿರಬೇಕು. ಅಡ್ಡಗಾಳಿ ಇದೆ ಅಂತ ಪೈಲಟ್‌ಗಳು ವಿಮಾನವನ್ನು ವಾಲಿಸಿ ಇಳಿಸಿದ್ದರು. ಬಲಗಾಲು ಮೊದಲು ತಾಗಿತು. ಎಡಗಾಲಿನ ಮೇಲೆ ಭಾರ ಬೀಳಲು ಒಂಬತ್ತು ಸೆಕೆಂಡ್ ತಡವಾಯಿತು. ರನ್‌ವೇ ಮೇಲೆ ನೀರಿದ್ದರಿಂದ ಚಕ್ರಗಳು ತಿರುಗದೆ ಜಾರಿದವು. ಅಷ್ಟು ಹೊತ್ತು ಎರಡು ಷರತ್ತೂ ಈಡೇರಲಿಲ್ಲ. ವಿಮಾನ ರನ್‌ವೇ ದಾಟಿ ಮಣ್ಣಿನ ದಿಬ್ಬಕ್ಕೆ ಬಡಿಯಿತು. ಇಬ್ಬರು ಸತ್ತರು. ಸಾಫ್ಟ್‌ವೇರ್ ತನಗೆ ಬರೆದುಕೊಟ್ಟದ್ದನ್ನು ಅಕ್ಷರಶಃ ಪಾಲಿಸಿತ್ತು. ಅದರ ಮೇಲೆ ಎಂಸಿಡಿಸಿ ಓಡಿಸಿದರೆ ಪಾಸೇ. ಬರೆದುಕೊಟ್ಟದ್ದರಲ್ಲೇ ಆ ದಿನದ ಮಳೆಗೆ ಜಾಗ ಇರಲಿಲ್ಲ.

ಆಡಿಟ್ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ನಾಲ್ಕು ಸುತ್ತು: ಯೋಜನೆ, ಬರವಣಿಗೆ, ಪರೀಕ್ಷೆ, ಅಂತಿಮ. ಆಡಿಟರ್ ಎಲ್ಲವನ್ನೂ ಓದುವುದಿಲ್ಲ, ಒಂದು ಎಳೆ ಹಿಡಿದು ಎಳೆಯುತ್ತಾರೆ. ಈ ಬೇಡಿಕೆ ತೋರಿಸಿ, ಇದರ ಕೋಡ್, ಇದರ ಪರೀಕ್ಷೆ, ಪರೀಕ್ಷೆ ಓದಿದವರು ಯಾರು, ಅವರೇ ಬರೆದವರಲ್ಲ ತಾನೇ? ಗಣಪತಿ ಹಬ್ಬದ ಸಮಯದಲ್ಲಿ ನಮ್ಮ ಸುತ್ತು ಬಂತು. ರಸ್ತೆಯಲ್ಲಿ ಢೋಲ್ ತಾಶಾ ಅಭ್ಯಾಸ. ಒಳಗೆ ನಾವು ರಾತ್ರಿಯಿಡೀ ಓಡಿದ ಪರೀಕ್ಷೆಗಳ ಲಾಗ್ ಹಿಡಿದು ಕೂತಿದ್ದೆವು. ನನ್ನ ಫಂಕ್ಷನ್ ಎಳೆಯಲ್ಲಿ ಸಿಕ್ಕಿತು, ಡಿಫಾಲ್ಟ್ ಕಥೆಯ ಫೈಲ್ ಕೊಟ್ಟೆ. ಆತ ಓದಿ ಏನೂ ಹೇಳದೆ ಮುಂದಿನ ಎಳೆಗೆ ಹೋದರು. ಈ ಧಂಧೆಯಲ್ಲಿ ಅದೇ ಹೊಗಳಿಕೆ.

ಕೆಲವು ವರ್ಷ ಇದನ್ನೇ ಮಾಡಿದ ಮೇಲೆ ಸಂಶೋಧನೆಯ ಕಡೆ ಹೊರಳಿದೆ. ಕೆಲಸದ ಜೊತೆಗೇ ಪಿಎಚ್‌ಡಿ. ಪ್ರೋಗ್ರಾಮುಗಳನ್ನು ಓಡಿಸದೆ ವಿಶ್ಲೇಷಿಸುವ ಕೆಲಸಕ್ಕೆ ಪುಣೆ ಒಳ್ಳೆಯ ಊರು. ಟಾಟಾದವರ ಸಂಶೋಧನಾ ಕೇಂದ್ರ ಟಿಆರ್‌ಡಿಡಿಸಿ 1981ರಿಂದ ಇಲ್ಲಿದೆ, ಪರಮ್ ಸೂಪರ್ ಕಂಪ್ಯೂಟರ್ ಮಾಡಿದ ಸಿ-ಡ್ಯಾಕ್ ಶುರುವಾದದ್ದೂ ಇಲ್ಲೇ. ಸೆಮಿನಾರಿಗೆ ಹೋದರೆ ಪ್ರಶ್ನೆ ಕೇಳುವವರು ಸಿಗುತ್ತಾರೆ.

ನಾನು ಹಿಡಿದ ವಿಷಯ ಕಲಿಯುವ ಸಾಫ್ಟ್‌ವೇರ್. ಅಂದರೆ ನ್ಯೂರಲ್ ನೆಟ್‌ವರ್ಕ್. ಇದು ವಿಮಾನಕ್ಕೆ ಯಾಕೆ ಬೇಕು ಅಂತ ಕೇಳಬಹುದು. ಎಕಾಸ್ ಎಕ್ಸ್‌ಯು ಅಂತ ಪೈಲಟ್ ಇಲ್ಲದ ವಿಮಾನಗಳು ಗಾಳಿಯಲ್ಲಿ ಡಿಕ್ಕಿಯಾಗದಂತೆ ತಪ್ಪಿಸುವ ವ್ಯವಸ್ಥೆ ಇದೆ. ಎದುರಿನ ವಿಮಾನ ಎಲ್ಲಿದೆ, ಎತ್ತ ಹೊರಟಿದೆ, ಎಷ್ಟು ವೇಗ ಅಂತ ನೋಡಿ ಎಡಕ್ಕೆ ತಿರುಗು, ಬಲಕ್ಕೆ ತಿರುಗು ಅಂತ ಹೇಳುವ ದೊಡ್ಡ ಕೋಷ್ಟಕ ಅದು. ಎರಡು ಗಿಗಾಬೈಟ್‌ಗಿಂತ ಜಾಸ್ತಿ. ವಿಮಾನದೊಳಗಿನ ಹಾರ್ಡ್‌ವೇರಿಗೆ ಅದು ಬಲು ಭಾರ. ಅದನ್ನು 45 ಚಿಕ್ಕ ನೆಟ್‌ವರ್ಕ್‌ಗಳಿಗೆ ಕಲಿಸಿದರೆ ಮೂರು ಮೆಗಾಬೈಟ್‌ನೊಳಗೆ ಕೂರುತ್ತದೆ ಅಂತ ಸಂಶೋಧಕರು ತೋರಿಸಿದರು. ಆಸೆ ಹುಟ್ಟುವುದು ಸಹಜ ಅಲ್ವಾ?

ಒಂದೊಂದು ನೆಟ್‌ವರ್ಕ್‌ನಲ್ಲಿ ಐದು ಒಳಹರಿವು, ಐದು ಉತ್ತರ, ನಡುವೆ ಆರು ಪದರ, ಪದರಕ್ಕೆ 50 ನ್ಯೂರಾನ್. ಒಟ್ಟು 13,305 ಸಂಖ್ಯೆಗಳು. ಮೊದಲ ಸಲ ಆ ಫೈಲ್ ತೆರೆದು ನೋಡಿದಾಗ ವಿಜಯಪುರದ ಪೆನ್ಸಿಲ್ ನೆನಪಾಗಿ ನಗು ಬಂತು. 7,412ನೇ ಸಂಖ್ಯೆ ಯಾಕ ಐತಿ? ಯಾರೂ ಹೇಳಲಾರರು. ಕಲಿಸಿದವರೂ ಹೇಳಲಾರರು.

ಅದಕ್ಕಿಂತ ಮಜಾ ಪರೀಕ್ಷೆಯ ಅಳತೆಯದ್ದು. ನೆಟ್‌ವರ್ಕ್ ಓಡಿಸುವ ಕೋಡ್ ಅಂದರೆ ಗುಣಿಸು, ಕೂಡು, ಸೊನ್ನೆಗಿಂತ ಕಡಿಮೆ ಇದ್ದರೆ ಸೊನ್ನೆ ಮಾಡು. ಎರಡು ಮೂರು ಲೂಪು, ಒಂದು ಷರತ್ತು. ಒಂದೇ ಒಂದು ಪರೀಕ್ಷೆ ಕೊಟ್ಟರೂ ಹೆಚ್ಚುಕಮ್ಮಿ ಪ್ರತಿ ಸಾಲೂ ಓಡುತ್ತದೆ, ಎಂಸಿಡಿಸಿ ನೂರಕ್ಕೆ ನೂರು. ನಾವು ವರ್ಷಗಟ್ಟಲೆ ಬೆವರು ಸುರಿಸಿ ಪಡೆಯುತ್ತಿದ್ದ ಅಂಕ ಇಲ್ಲಿ ಬಿಟ್ಟಿ. ಅದರಿಂದ ತಿಳಿಯುವುದು ಮಾತ್ರ ಏನೂ ಇಲ್ಲ. ಬುದ್ಧಿ ಇರುವುದು ಕೋಡಿನ ಸಾಲುಗಳಲ್ಲಲ್ಲ, ಆ ಸಂಖ್ಯೆಗಳಲ್ಲಿ.

ಹಾಗಂತ ಕೈಚೆಲ್ಲಿ ಕೂರಬೇಕಿಲ್ಲ. 2017ರಲ್ಲಿ ರೆಲುಪ್ಲೆಕ್ಸ್ ಎಂಬ ವಿಧಾನ ಬಂತು. ಎದುರಿನ ವಿಮಾನ ಇಂತಿಷ್ಟು ಹತ್ತಿರ, ಇಂಥ ದಿಕ್ಕಿನಲ್ಲಿದ್ದರೆ ನೆಟ್‌ವರ್ಕ್ ಯಾವತ್ತೂ 'ಅಪಾಯವಿಲ್ಲ' ಅನ್ನುವುದಿಲ್ಲ ಎಂಬಂಥ ಮಾತನ್ನು ಗಣಿತದಿಂದ ಸಾಧಿಸಬಹುದು. ಒಂದೆರಡು ಉದಾಹರಣೆಗೆ ಅಲ್ಲ, ಆ ವ್ಯಾಪ್ತಿಯ ಎಲ್ಲ ಬೆಲೆಗಳಿಗೂ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆಮೇಲೆ ನನ್ನ ಕಂಪ್ಯೂಟರಿನಲ್ಲಿ ಅದೇ ಜಾತಿಯ ಉಪಕರಣ ಓಡಿಸಿ ನೋಡಿದೆ. ಕೆಲವು ಪ್ರಶ್ನೆಗೆ ಉತ್ತರ ಬೇಗ ಬರುತ್ತದೆ. ಕೆಲವಕ್ಕೆ ಊಟ ಮುಗಿಸಿ, ಮಲಗಿ ಎದ್ದು ಬಂದರೂ ಓಡುತ್ತಲೇ ಇರುತ್ತದೆ. ನೆಟ್‌ವರ್ಕ್ ದೊಡ್ಡದಾದಷ್ಟೂ ಕಷ್ಟ. ಕ್ಯಾಮೆರಾ ನೋಡಿ ರನ್‌ವೇ ಗುರುತಿಸುವಂಥ ನೆಟ್‌ವರ್ಕ್‌ಗಳ ಪಕ್ಕದಲ್ಲಿ 300 ನ್ಯೂರಾನಿನದ್ದು ಕೂಸು.

ಹಾಗಾಗಿ ನಾನು ಹಿಡಿದದ್ದು ಹಳೆಯ, ಸಪ್ಪೆ ಅನ್ನಿಸುವ ದಾರಿ. ವಿವರಿಸಲಾಗದ ಭಾಗಕ್ಕೆ ವಿವರಿಸಬಲ್ಲ ಒಂದು ಚಿಕ್ಕ ಕಾವಲು ಹಾಕುವುದು. ಸಿಂಪ್ಲೆಕ್ಸ್ ಅಂತ ಇದಕ್ಕೆ ಹೆಸರಿದೆ, ಲುಯಿ ಶಾ ಎಂಬ ವಿಜ್ಞಾನಿ ನ್ಯೂರಲ್ ನೆಟ್‌ವರ್ಕ್‌ಗಳ ಈಗಿನ ಭರಾಟೆಗೆ ಬಹಳ ಮೊದಲೇ ಹೇಳಿದ್ದು. ನನ್ನ ಪ್ರಯೋಗ ವೇಗದ ಮೇಲೆಯೇ. ಎದುರುಗಾಳಿಯ ಒತ್ತಡದಿಂದ ವೇಗ ಅಳೆಯುವ ಪಿಟೋ ಕೊಳವೆಯಲ್ಲಿ ಮಂಜುಗಡ್ಡೆ ಕಟ್ಟಿದರೆ ವೇಗದ ಅಳತೆ ಕೆಡುತ್ತದೆ. 2009ರ ಜೂನ್ 1ರಂದು ಅಟ್ಲಾಂಟಿಕ್ ಮೇಲೆ ಬಿದ್ದ ಏರ್ ಫ್ರಾನ್ಸ್ 447ರ ದುರಂತ ಶುರುವಾದದ್ದು ಹೀಗೆ. ಎಂಜಿನ್ನಿನ ಶಕ್ತಿ, ವಿಮಾನದ ವಾಲಿಕೆ, ಎತ್ತರ, ತೂಕ ಇವುಗಳಿಂದ ವೇಗವನ್ನು ಅಂದಾಜು ಮಾಡಲು ನೆಟ್‌ವರ್ಕ್‌ಗೆ ಕಲಿಸಬಹುದು. ಸಿಮ್ಯುಲೇಟರಿನಲ್ಲಿ ಅದು ಚೆನ್ನಾಗಿಯೇ ಹೇಳುತ್ತದೆ. ಅದರ ಪಕ್ಕದಲ್ಲಿ ನಾನು ಇಟ್ಟದ್ದು ಹಳೇ ಶೈಲಿಯ ಸಿ ಕೋಡ್. ನೆಟ್‌ವರ್ಕ್ ಹೇಳಿದ ವೇಗ ಭೌತಶಾಸ್ತ್ರಕ್ಕೆ ಒಪ್ಪುತ್ತದಾ? ಹಿಂದಿನ ಕ್ಷಣಕ್ಕಿಂತ ಇಷ್ಟು ಬೇಗ ಬದಲಾಗಲು ಸಾಧ್ಯವಾ? ಈಗಿನ ಪರಿಸ್ಥಿತಿ ಅದಕ್ಕೆ ಕಲಿಸಿದ ವ್ಯಾಪ್ತಿಯೊಳಗೇ ಇದೆಯಾ? ಇಲ್ಲ ಅಂದರೆ ಆ ಅಂದಾಜನ್ನು ಬದಿಗಿಟ್ಟು, ವೇಗ ನಂಬಲರ್ಹವಲ್ಲ ಅಂತ ಪೈಲಟ್‌ಗೆ ನೇರವಾಗಿ ಹೇಳು. ಕಾವಲಿನ ಪ್ರತಿ ಸಾಲಿಗೂ ನಾನು ಉತ್ತರ ಹೇಳಬಲ್ಲೆ.

ಪ್ರಬಂಧ ಕಳಿಸಿದಾಗ ಒಬ್ಬ ವಿಮರ್ಶಕರು ಇದರಲ್ಲಿ ಹೊಸ ನೆಟ್‌ವರ್ಕ್ ಎಲ್ಲಿದೆ ಅಂದರು. ಇನ್ನೊಬ್ಬರು ತೀರಾ ಸರಳ ಅಂದರು. ವಿಮಾನದ ಕಡೆಯವರು ತೀರಾ ಸರಳ ಅಂದರೆ ಕಾಫಿ ಕೊಡಿಸುತ್ತಾರೆ, ಎಐ ಕಡೆಯವರು ತಿರಸ್ಕರಿಸುತ್ತಾರೆ. ಎರಡು ಊರಿನ ನಡುವೆ ಸಿಕ್ಕವಳ ಪಾಡು ಇದು. ನಿಖರತೆ 99.9 ಅಂತ ಸ್ಲೈಡಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕುವವರನ್ನು ಕಂಡರೆ ಈಗ ನನಗೆ ಸಿಟ್ಟು ಬರುವುದಿಲ್ಲ, ಲೆಕ್ಕ ಹೇಳುತ್ತೇನೆ. ವಿಮಾನ ಬೀಳಿಸುವಂಥ ವೈಫಲ್ಯ ಹಾರಾಟದ ನೂರು ಕೋಟಿ ಗಂಟೆಗೆ ಒಂದಕ್ಕಿಂತ ಕಡಿಮೆ ಇರಬೇಕು ಅಂತ ಇಡೀ ವ್ಯವಸ್ಥೆಗೆ ಗುರಿ. ನೂರು ಕೋಟಿ ಗಂಟೆ ಅಂದರೆ ಒಂದು ಲಕ್ಷದ ಹದಿನಾಲ್ಕು ಸಾವಿರ ವರ್ಷ. ಅಷ್ಟು ಹೊತ್ತು ಯಾರೂ ಪರೀಕ್ಷಿಸಲಾರರು. ಅದಕ್ಕೇ ಸಾಫ್ಟ್‌ವೇರಿಗೆ ಅಂಕಿ ಬಿಟ್ಟು, ಸಾಲು ಸಾಲಿಗೂ ಕಾರಣ ಕೇಳುವ ಪದ್ಧತಿ ಬಂದದ್ದು.

ಗಣೇಶನಗರದಲ್ಲಿ ಕನ್ನಡ ಸಂಘದ ಕಾವೇರಿ ಕಾಲೇಜಿದೆ. ಅಲ್ಲಿಗೆ ಹೋಗಿ ಬರುವ ಕನ್ನಡದ ಹುಡುಗರು ಈ ಕೆಲಸಕ್ಕೆ ಏನು ಓದಬೇಕು ಅಂತ ಆಗಾಗ ಕೇಳುತ್ತಾರೆ. ಎಐ ಕೋರ್ಸ್ ಯಾವುದು ಮಾಡಲಿ ಅಕ್ಕಾ ಅಂತಲೇ ಜಾಸ್ತಿ. ಮಾಡ್ರಿ, ಬೇಡ ಅನ್ನುವುದಿಲ್ಲ. ಆದರೆ ಸಿ ಚೆನ್ನಾಗಿ ಬರಲಿ, ಪಾಯಿಂಟರ್ ಕಂಡು ಹೆದರಬೇಡಿ. ತರ್ಕಶಾಸ್ತ್ರ ಸ್ವಲ್ಪ, ಕಂಟ್ರೋಲ್ ಸಿಸ್ಟಮ್ಸ್ ಸ್ವಲ್ಪ. ಅಪಘಾತಗಳ ತನಿಖಾ ವರದಿಗಳು ಪುಕ್ಕಟೆ ಸಿಗುತ್ತವೆ, ಅವನ್ನು ಓದಿ. ಒಂದು ವಾಕ್ಯಕ್ಕೆ ಎರಡು ಅರ್ಥ ಬಾರದಂತೆ ಬರೆಯಲು ಕಲಿಯಿರಿ. ಈ ಕೊನೆಯದನ್ನು ಹೇಳಿದಾಗ ಯಾರೂ ನೋಟ್ ಮಾಡಿಕೊಳ್ಳುವುದಿಲ್ಲ.

ಯುರೋಪಿನ ವಿಮಾನಯಾನ ಸುರಕ್ಷತಾ ಸಂಸ್ಥೆ ಈಸಾ 2020ರಲ್ಲಿ ಎಐ ಬಗ್ಗೆ ಒಂದು ಮಾರ್ಗನಕ್ಷೆ ತಂದಿತು, ಮರುವರ್ಷ ಮೊದಲ ಹಂತದ ಮಷಿನ್ ಲರ್ನಿಂಗ್‌ಗೆ ಪರಿಕಲ್ಪನಾ ಪತ್ರ ಬಂತು. ಅದರಲ್ಲಿ ನನಗೆ ಹಿಡಿಸಿದ್ದು, ಕಲಿಸಲು ಬಳಸುವ ಮಾಹಿತಿಗೂ ಕೋಡಿಗೆ ಕೇಳುವಂಥದ್ದೇ ಪ್ರಶ್ನೆ ಕೇಳುವುದು. ಈ ಮಾಹಿತಿ ಎಲ್ಲಿಂದ ಬಂತು, ಯಾವ ಹವೆ, ಯಾವ ಎತ್ತರ, ಯಾವುದು ಇದರಲ್ಲಿಲ್ಲ. ಈಗ ನಮ್ಮಲ್ಲಿ ನಡೆಯುತ್ತಿರುವ ಜಗಳವೂ ಅದರದ್ದೇ. ಕಾವಲಿನ ಗೆರೆಯನ್ನು ಬಿಗಿಯಾಗಿ ಎಳೆದರೆ, ಸಿಮ್ಯುಲೇಟರಿನಲ್ಲಿ ಮಳೆಗಾಲದ ಗಾಳಿ ಹಾಕಿದಾಗಲೆಲ್ಲ ಅದು ಸರಿಯಾದ ಅಂದಾಜನ್ನೂ ತಳ್ಳಿಹಾಕುತ್ತದೆ. ಸಡಿಲ ಬಿಟ್ಟರೆ ತಪ್ಪು ಅಂದಾಜೂ ನುಸುಳುತ್ತದೆ. ಸುರಕ್ಷತೆಯ ತಂಡದವರು ಬಿಗಿ ಮಾಡಿ ಅನ್ನುತ್ತಾರೆ. ಪದೇ ಪದೇ ಸುಳ್ಳು ಎಚ್ಚರಿಕೆ ಕೊಡುವ ಪೆಟ್ಟಿಗೆಯನ್ನು ಪೈಲಟ್ ನಂಬುವುದನ್ನೇ ಬಿಡುತ್ತಾರೆ ಅನ್ನುವುದು ನನ್ನ ವಾದ. ಮುಂದಿನ ವಾರ ಜಡಿಮಳೆಯ ಮಾಹಿತಿ ಇನ್ನಷ್ಟು ಬರುವುದಿದೆ. ಅದನ್ನು ಹಾಕಿ ಓಡಿಸಿದ ಮೇಲೆ ಮತ್ತೆ ಕೂರುತ್ತೇವೆ.